ಇಪ್ಪತ್ತೆಂಟನೇ ಸೆಂಟಿಮೀಟರಿನಲ್ಲಿ

ಹೆಸರು ಲಾಡ್ಲೇಬಿ. ವಯಸ್ಸು ಐವತ್ತಿರಬೇಕು ಅಂದಳು,
ಆಧಾರ್ ಕಾರ್ಡಿನಲ್ಲಿ ನಲವತ್ತಾರು.
ನಂದೂರಿನ ದಾಲ್ ಮಿಲ್ಲಿನಲ್ಲಿ
ಬೇಳೆ ಆರಿಸುವ ಕೆಲಸ.
ಮೂರು ತಿಂಗಳಾಯಿತು, ಎದೆ ಉರಿಲತ್ತದ,
ರೊಟ್ಟಿ ಅರ್ಧ ದಾರಿಯಲ್ಲಿ ನಿಂತು
ಏನೋ ಯೋಚನೆ ಮಾಡಿ ಆಮೇಲೆ ಇಳಿಯುತ್ತದಂತೆ.
ಅವಳ ನಾದಿನಿಗೂ ಹೀಗೇ.
ಬಿತ್ತೋ ಹೊತ್ತಿಗೆ ಶುರುವಾಗಿ
ರಾಶಿ ಹೊತ್ತಿಗೆ ಹೋದಳು ಅಂತ
ಚಪ್ಪಲಿ ಬಿಡುತ್ತಲೇ ಹೇಳಿದಳು,
ಉಳಿದದ್ದೆಲ್ಲ ನಿನ್ನ ಕೆಲಸ ಎಂಬಂತೆ.

ಗಂಟಲಿಗೆ ಕಹಿ ಸ್ಪ್ರೇ.
ಭೀಮಶಾ ಹಲ್ಲಿನ ನಡುವೆ ಬಿಳಿ ಬಳೆ ಇಟ್ಟು
‘ಕಚ್ಚಿ ಹಿಡೀರಿ ಯಕ್ಕಾ,
ಉಗುಳು ನುಂಗಬ್ಯಾಡ್ರಿ, ಹರೀಲಿ ಬಿಡ್ರಿ’ ಅಂದ.

ಪರದೆಯ ಮೇಲೆ ಗುಲಾಬಿ ಓಣಿ ತೆರೆಯಿತು.
ಏಳು ವರ್ಷ, ದಿನಕ್ಕೆ ಹತ್ತು ಹನ್ನೆರಡು ಸಲ
ಇಲ್ಲೇ ಓಡಾಡಿದ್ದೇನೆ.
ಗೋಡೆಯಾಚೆಯಿಂದ ಬಡಿಯುವ ಹೃದಯ,
ಗಾಳಿ ಬಿಟ್ಟರೆ ಅಗಲಿ
ಬಿಡದಿದ್ದರೆ ಮುದುಡುವ ಮಡಿಕೆ,
ಕಣ್ಣು ಮುಚ್ಚಿಯೂ ಹೋಗಬಲ್ಲೆ
ಎಂದುಕೊಂಡಿದ್ದೆ.

ಇಪ್ಪತ್ತೆಂಟನೇ ಸೆಂಟಿಮೀಟರಿನಲ್ಲಿ ಕೈ ನಿಂತಿತು.

ಹಳದಿ.
ಒಂದಲ್ಲ, ನಾಲ್ಕಲ್ಲ,
ಚೀಲದ ತೂತಿನಿಂದ ಸೋರಿ
ಓಣಿಯುದ್ದಕ್ಕೂ ಬಿದ್ದ ಹಾಗೆ.
ಸಾಸಿವೆಗಿಂತ ದೊಡ್ಡದು,
ಬೇಳೆಗಿಂತ ಚಿಕ್ಕದು.

ಮೊದಲು ಬಂದದ್ದು ವಿದ್ಯೆಯಲ್ಲ, ಹೆದರಿಕೆ.
ಹೆದರಿಕೆಗೆ ಗೊತ್ತಿರುವುದು ಒಂದೇ ರೋಗ,
ಕಂಡ ಚುಕ್ಕೆಗೆಲ್ಲ ಅದನ್ನೇ ಅಂಟಿಸುತ್ತದೆ.
ನಾದಿನಿ ಬಂದು ನನ್ನ ಪಕ್ಕದಲ್ಲಿ ನಿಂತಳು.

ನೀರು ಬಿಟ್ಟೆ. ಬೂಷ್ಟಾದರೆ ಎದ್ದು ಹೋಗಬೇಕು.
ಹೋಗಲಿಲ್ಲ.
ದೀಪದ ಬಣ್ಣ ಬದಲಿಸಿದೆ, ಓಣಿ ಹಸಿರಾಯಿತು.
ಹತ್ತಿರ ಹೋದೆ. ಇನ್ನೂ ಹತ್ತಿರ.
ಅವಳ ಕಣ್ಣಿನ ನೀರು ಮೂಗು ದಾಟಿ ದಿಂಬಿಗಿಳಿಯಿತು.
ಸ್ವಲ್ಪ ತಡಿಯವ್ವಾ, ಇನ್ನೊಂದೇ ನಿಮಿಷ.
ಪ್ರತಿ ಕಾಳಿನ ನೆತ್ತಿಯಲ್ಲಿ
ಸೂಜಿಮೊನೆಯಷ್ಟು ಒಂದು ಬಾಯಿ.
ಅಂಚು ಮೆತ್ತಗೆ.
ಸುತ್ತಲಿನ ಗೋಡೆಯನ್ನು ಎಳೆದಿಲ್ಲ, ಕಚ್ಚಿಲ್ಲ,
ಬಾಡಿಗೆ ಸರಿಯಾಗಿ ಕೊಡುವವರ ಹಾಗೆ ಕೂತಿವೆ.

ಎಲ್ಲಿ ಕಂಡಿದ್ದೇನೆ ಇವನ್ನು?

ಪುಸ್ತಕದಲ್ಲಲ್ಲ.
ಶಹಾಬಾದಿನ ಮನೆಯ ಕಲ್ಲುಕಟ್ಟೆಯ ಮೇಲೆ
ಅಪ್ಪ ಗಡ್ಡ ಹೆರೆಯುತ್ತ
ಮೇಲ್ದುಟಿ ಎಳೆದು ಹಿಡಿದಾಗ
ಒಳಗೆ ಸಾಲಾಗಿ ಕಾಣುತ್ತಿದ್ದವಲ್ಲ,
ಹಳದಿ ಕಾಳು!
ಏನಪ್ಪಾ ಅವು ಅಂದರೆ
ನಿನ್ನೆ ತಿಂದ ಬೇಳೆ ಅನ್ನುತ್ತಿದ್ದ.
ನಂಬಿದ್ದೆ, ಬಹಳ ವರ್ಷ.

ಎರಡು ಚೂರು ಕಿತ್ತು ಸೀಸೆಗೆ ಹಾಕಿದೆ.
ಓಣಿಯ ಕೊನೆಗೆ ಬಾಗಿಲು ಸಡಿಲಾಗಿತ್ತು,
ಹುಳಿ ಉಕ್ಕಿ ಗೋಡೆ ಕೆಂಪಾಗಿತ್ತು.
ಉರಿಗೆ ಅದೇ ಕಾರಣ. ಅದಕ್ಕೆ ಗುಳಿಗೆ ಉಂಟು.

ನಾಲ್ಕನೇ ದಿನ ಸೂಕ್ಷ್ಮದರ್ಶಕದ ಮುಂದಿನಿಂದ
ಶಶಿಕಲಾ ಪಾಳಾ ಮೇಡಂ ಫೋನು:
‘ಎಣ್ಣಿ ಗ್ರಂಥಿ ಅವ. ಚರ್ಮದಾಗ ಇರಬೇಕಾದವು,
ಅಲ್ಲಿಗಿ ಹ್ಯಾಂಗ ಹೋದವೋ!
ಇಷ್ಟು ವರ್ಷದಾಗ ನಂದು ಇದು ಎರಡನೇದು.
ಬಿಟ್ಟುಬಿಡು. ಏನೂ ಮಾಡಂಗಿಲ್ಲ.’

ಲಾಡ್ಲೇಬಿಗೆ ಫೋಟೋ ಬೇಕಂತೆ.
ಕಾಗದವನ್ನು ಮೊರದಂತೆ ಹಿಡಿದು
ಕಿಟಕಿ ಕಡೆ ವಾಲಿಸಿದಳು,
ಹೆಬ್ಬೆರಳು ತಾನಾಗಿಯೇ ಒಂದೊಂದನ್ನೂ ಸರಿಸಿತು.
‘ಇವು ಕಲ್ಲಲ್ಲ.’
ಅಲ್ಲ, ಅಂದೆ.
‘ಹುಳುಕೂ ಅಲ್ಲ. ಇದಕ ಹೆಸರು ಅದ ಏನ್ರೀ?’
ಇದೆ. ಬಹಳ ಉದ್ದ.
‘ಬ್ಯಾಡ ಬಿಡ್ರಿ. ಅಕ್ಕಡಿ ಹಾಕಿದ ಹೊಲದ ಮಾಲಿನಾಗ
ತೊಗರಿ ಜೋಡಿ ಹೆಸರು ಬಂದೇ ಬರ್ತದ.
ಮಾಲೀಕ ಒದರ್ತಾನ. ಮನ್ಯಾಗಾದರ
ಯಾರು ತೆಗಿತಾರ? ಕೂಡೇ ಕುದಿತದ.’
ತಾನೇ ಆಡಿದ ಮಾತಿಗೆ ತಾನೇ ನಕ್ಕಳು,
ನಗು ನಿಂತ ಮೇಲೆ ಕೇಳಿದಳು,
‘ಆಕಿದು ಯಾರೂ ಹಿಂಗ ನೋಡಿದ್ದಿಲ್ಲ, ಅಲ್ಲೇನ್ರೀ?’

ನಾನು ಗುಳಿಗೆ ಚೀಟಿ ಬರೆಯುತ್ತಿದ್ದೆ.
ಬರೆಯುತ್ತಲೇ ಇದ್ದೆ.

ಆ ರಾತ್ರಿ ಟಾರ್ಚು ಹಿಡಿದು
ಕನ್ನಡಿ ಮುಂದೆ ತುಟಿ ಮಗುಚಿದೆ.
ಎಡಕ್ಕೆ ಮೂರು.
ಬಲಕ್ಕೆ ಬೆಳಕು ಸಾಲದು.